ಹತ್ತಿ ಗೋಡೌನಿನಲ್ಲಿ ಗಿಟಾರು

ಮೊನ್ನೆ ವಿದ್ಯಾನಗರದ ನಮ್ಮ ರಸ್ತೆಯ ಕೊನೆಯಲ್ಲಿ ಇಸ್ತ್ರಿ ಗಾಡಿಯ ಮುಂದೆ ನಿಂತಿದ್ದೆ. ಇಸ್ತ್ರಿಯ ಮಂಜ ಯಾರ ಜೊತೆಗೋ ಹರಟುತ್ತ ಕೈ ನಿಲ್ಲಿಸಿದ. ಹತ್ತಿ ಅಂಗಿ ಕಂದಿತು. ಹೊಗೆ ಸಹ ಏಳಲಿಲ್ಲ, ಬರೀ ವಾಸನೆ ಬಂತು. ಎಂಬತ್ತು ದಾಟಿದ ಮುದುಕ ನಾನು, ಸ್ಕೂಟರುಗಳು ಓಡಾಡುವ ರಸ್ತೆಯಲ್ಲಿ ನಿಂತು "ಹುಸೇನೀ!" ಎಂದು ಗಂಟಲು ಹರಿಯುವ ಹಾಗೆ ಕೂಗಿಬಿಟ್ಟೆ.

"ಯಾರ್ರಿ ಸಾರ್ ಹುಸೇನಿ? ಅಂಗಿ ಹೋದ್ರೆ ಹೊಸದು ಕೊಡಿಸ್ತೀನಿ ಬಿಡ್ರಿ. ಹಿಂಗೆ ಕೂಗಿದ್ರೆ ನನ್ನ ಎದೆ ನಿಲ್ಲೋದಿಲ್ಲೇನು?" ಅಂದ ಮಂಜ.

ಅವನಿಗೆ ಏನೋ ಹೇಳಿ ಮನೆಗೆ ಬಂದೆ. ಆ ಹೆಸರನ್ನು ಮೊದಲ ಸಲ ಹಾಗೆ ಕೂಗಿದ್ದು ಅರವತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ, ದಾವಣಗೆರೆಯ ಒಂದು ಹತ್ತಿ ಗೋಡೌನಿನ ಬಾಗಿಲಲ್ಲಿ. ಆ ಬೇಸಿಗೆಯಿಂದ ಅದರ ಬೆನ್ನಿಗೇ ಬಂದ ಮಳೆಗಾಲದವರೆಗೆ ನಡೆದದ್ದನ್ನು ನನ್ನಷ್ಟು ಸರಿಯಾಗಿ ಹೇಳಬಲ್ಲವರು ಈಗ ಯಾರೂ ಉಳಿದಿಲ್ಲ. ಎಷ್ಟು ಸಲ ತಿರುಗಿಸಿ ನೋಡಿದ್ದೇನೆಂದರೆ ಅದರ ಒಂದೊಂದು ಮೂಲೆಯೂ ನನಗೆ ಗೊತ್ತು.

ಹುಸೇನಿ ನಮ್ಮ ಪಕ್ಕದ ಮನೆಯವನು, ನನ್ನದೇ ವಯಸ್ಸು. ದಾವಣಗೆರೆಯ ಆನೆಕೊಂಡದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅವನ ತಂದೆ ಬುಡೇನ್ ಚಾಚಾ ಹತ್ತಿ ಹಿಂಜಿ ಗಾದಿ ಹೊಲಿಯುವವರು. ಆಳೆತ್ತರದ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಓಣಿ ಓಣಿ ತಿರುಗುತ್ತಿದ್ದರು. ಅದರ ನರದ ತಂತಿಯನ್ನು ಮರದ ಕೊಡತಿಯಿಂದ ಬಡಿದರೆ 'ಟೊಂಯ್' ಎಂದು ಬೀದಿಯೆಲ್ಲ ನಡುಗುತ್ತಿತ್ತು. ಅದೇ ಅವರ ಕೂಗು. "ಗಾದೀ" ಎಂದು ಬಾಯಿ ತೆರೆದು ಕರೆದದ್ದನ್ನು ನಾನು ಕೇಳಿಲ್ಲ. ನಾನು ಬಿ.ಎಸ್ಸಿ. ಮುಗಿಸಿ ಕಾಲೇಜಿನಲ್ಲಿ ಫಿಸಿಕ್ಸ್ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಹುಸೇನಿ ಎಸ್ಸೆಸ್ಸೆಲ್ಸಿಗೆ ಬಿಟ್ಟು ಹರಿಹರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಕೆಲಸಕ್ಕೆ ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದ.

ಗಿಟಾರು ಅವನಿಗೆ ಸಿಕ್ಕಿದ್ದು ಹರಿಹರದಲ್ಲಿಯೇ. ಅಲ್ಲಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಗೋವೆಯ ಕಡೆಯ ಗಾರ್ಡ್ ಒಬ್ಬರಿದ್ದರು. ಸಂಜೆಯ ಗಾಡಿ ತಡವಾದಾಗಲೆಲ್ಲ ಹುಸೇನಿ ಅವರ ವರಾಂಡದಲ್ಲಿ ಕೂತು ಕಲಿತ. ವರ್ಗವಾಗಿ ಹೋಗುವಾಗ ಅವರು ತಮ್ಮ ಎರಡು ಗಿಟಾರಿನಲ್ಲಿ ಹಳೆಯದನ್ನು ಇವನ ಕೈಗಿಟ್ಟು ಹೋದರು. ಅದು ನೈಲಾನ್ ತಂತಿಯ ಗಿಟಾರು. ನಮ್ಮೂರಿನವರಿಗೆ ಆಗ ಗೊತ್ತಿದ್ದದ್ದು ತೊಡೆಯ ಮೇಲೆ ಮಲಗಿಸಿ, ಉಕ್ಕಿನ ತಂತಿಯ ಮೇಲೆ ಕಬ್ಬಿಣದ ತುಂಡು ಜಾರಿಸುವ ಗಿಟಾರು ಮಾತ್ರ. ಇವನು ಅದನ್ನು ಎದೆಗೆ ಒತ್ತಿ ಹಿಡಿದು, ಬರಿ ಬೆರಳುಗಳಿಂದ ನುಡಿಸುತ್ತಿದ್ದ. ಹೋಟೆಲಿನ ಮುಂದೆ ಕೂತವರು ಬಿಡುತ್ತಿರಲಿಲ್ಲ.

"ಅದನ್ನ ಯಾಕೋ ಎತ್ಕೊಂಡಿ? ಅದಕ್ಕೇನು ಜ್ವರ ಬಂದೈತಾ?"

"ನಿನ್ನಂಗೆ ಅಲ್ಲಣ್ಣ, ಅದು ಮಲಗಿದ್ರೆ ಮಾತಾಡಲ್ಲ," ಅನ್ನುತ್ತಿದ್ದ ಹುಸೇನಿ.

ಒಮ್ಮೆ ತಂತಿ ಹರಿದಾಗ ಯಾರದೋ ಮಾತು ಕೇಳಿ ಉಕ್ಕಿನ ತಂತಿ ಬಿಗಿದ. ಆ ಹಗುರ ಮರಕ್ಕೆ ಅಷ್ಟು ಎಳೆತ ತಾಳಲಿಲ್ಲ, ತಂತಿ ಕಟ್ಟಿದ ಪಟ್ಟಿಯೇ ಕಿತ್ತು ಬಂತು. ಅದನ್ನು ಅಂಟಿಸಿಕೊಂಡ ಮೇಲೆ ಅವನಿಗೆ ಉಪಾಯ ಹೊಳೆದದ್ದು ಹರಿಹರದ ಹೊಳೆಯ ದಂಡೆಯಲ್ಲಿ. ಮೀನು ಹಿಡಿಯುವವರ ಹತ್ತಿರ ಆಗಷ್ಟೇ ನೈಲಾನ್ ಗಾಳದ ದಾರ ಬಂದಿತ್ತು. ಸಣ್ಣ ಮೀನಿನ ದಾರ, ದೊಡ್ಡ ಮೀನಿನ ದಾರ, ಅದಕ್ಕೂ ದಪ್ಪದ್ದು, ಮೂರು ಥರ ತಂದು ಗಿಟಾರಿಗೆ ಕಟ್ಟಿದ. ಕೆಳಗಿನ ಮೂರು ದಪ್ಪ ತಂತಿಗಳಿಗೆ ರೇಷ್ಮೆ ಎಳೆಯ ಮೇಲೆ ತೆಳು ತಾಮ್ರ ಸುತ್ತಬೇಕಿತ್ತು, ಅದನ್ನು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಮಾಡಿಸಿಕೊಂಡ. ಆ ಗಿಟಾರಿನಲ್ಲಿ ಅವನು ಮೊಹರಂ ಪದಗಳ ಮಟ್ಟು, ತತ್ವಪದಗಳ ಮಟ್ಟು ನುಡಿಸುತ್ತಿದ್ದ. ದನಿ ಮೃದು. ಪಕ್ಕದಲ್ಲಿ ಕೂತು ಕೇಳಿದರೆ ಯಾರೋ ನಮಗೊಬ್ಬರಿಗೇ ಏನೋ ಹೇಳುತ್ತಿರುವ ಹಾಗೆ. ನಾಲ್ಕು ಹೆಜ್ಜೆ ದೂರ ಹೋದರೆ ಏನೂ ಇಲ್ಲ.

ಚಾಚಾಗೆ ಇದು ಹಿಡಿಸಿರಲಿಲ್ಲ. "ನನ್ನ ಬಿಲ್ಲಿಗೆ ಇರೋದು ಒಂದೇ ತಂತಿ, ಮನಿಮಂದಿಯೆಲ್ಲ ಉಂಡ್ರು. ಅವನದಕ್ಕೆ ಆರು. ಒಂದು ಕಪ್ ಚಹಾ ಹುಟ್ಟಲಿಲ್ಲ," ಎಂದು ನನ್ನೆದುರೇ ಮಗನನ್ನು ಚುಚ್ಚುತ್ತಿದ್ದರು. ಆ ವರ್ಷ ಮದುವೆಯ ಮಾತೂ ನಡೆಯುತ್ತಿತ್ತು. ಹೆಣ್ಣಿನ ಕಡೆಯವರು "ಹುಡುಗ ತಂತಿ ಮೀಟ್ತಾನಂತೆ, ಹಿಂಜೋದಿಲ್ಲಂತೆ" ಎಂದು ನಕ್ಕರಂತೆ. ಚಾಚಾ ಅವತ್ತು ಮನೆಗೆ ಬಂದವರೇ ತೀರ್ಮಾನ ಹೇಳಿದರು: "ಮಳೆ ಹಿಡಿಯೋದ್ರೊಳಗೆ ಇದು ರೇಡಿಯೋದಾಗೆ ಬಂತೋ, ಬಂತು. ಇಲ್ಲಾ ಅಟ್ಟಕ್ಕೆ ಹಾಕ್ಬೇಕು. ಆಮ್ಯಾಲೆ ಮುಟ್ಟಿದ್ರೆ ನನ್ನ ಮಗ ಅಲ್ಲ."

ರೇಡಿಯೋದ ಮಾತು ಗಾಳಿಯಲ್ಲಿ ಬಂದದ್ದಲ್ಲ. ಕಾಲೇಜಿನ ಸಮಾರಂಭಕ್ಕೆ ಬಂದಿದ್ದ ರೇಡಿಯೋ ಅಧಿಕಾರಿಯೊಬ್ಬರಿಗೆ ನಾನು ಇವನ ಬಗ್ಗೆ ಹೇಳಿದ್ದೆ. "ನೈಲಾನ್ ತಂತಿಯಲ್ಲಿ ತತ್ವಪದವೇ? ಟೇಪ್ ಮಾಡಿ ಕಳಿಸಿ. ಕೇಳಿದ ಮೇಲೆ ಕರೆಯೋದೋ ಬಿಡೋದೋ ನೋಡೋಣ," ಅಂದಿದ್ದರು. ಹುಸೇನಿಗೆ ಅಷ್ಟೇ ಸಾಕಾಗಿತ್ತು.

ಊರಿನಲ್ಲಿ ಟೇಪ್ ರೆಕಾರ್ಡರ್ ಇದ್ದದ್ದು ರೇಡಿಯೋ ರಿಪೇರಿಯ ಜಯಣ್ಣನ ಹತ್ತಿರ. ನಮಗಿಂತ ದೊಡ್ಡವನು, ಮಾತಿನ ಮಲ್ಲ. ಜರ್ಮನಿಯ ಹಳೆಯ ಮಷಿನ್ನು, ಟ್ರಂಕಿನಷ್ಟು ದೊಡ್ಡದು, ಒಳಗೆಲ್ಲ ವಾಲ್ವುಗಳು. "ಇದನ್ನ ಚಾಲೂ ಮಾಡಿ ಮ್ಯಾಲೆ ಹೆಂಚು ಇಟ್ರೆ ರೊಟ್ಟಿ ಬೇಯ್ತಾವು," ಎಂದು ಅವನೇ ಹೆಮ್ಮೆಯಿಂದ ಹೇಳುತ್ತಿದ್ದ. ನಾವು ನಗುತ್ತಿದ್ದೆವು.

ದಾವಣಗೆರೆಯಲ್ಲಿ ಸದ್ದಿಲ್ಲದ ಜಾಗ ಹುಡುಕುವುದು ಎಷ್ಟು ಕಷ್ಟ ಅನ್ನುವುದು ಆ ಬೇಸಿಗೆಯಲ್ಲಿ ತಿಳಿಯಿತು. ಇಷ್ಟು ಮೆದು ದನಿ ಟೇಪಿಗೆ ಹತ್ತಬೇಕಾದರೆ ಮೈಕನ್ನು ಪೂರಾ ಏರಿಸಬೇಕು. ಏರಿಸಿದರೆ ಊರೆಲ್ಲ ಒಳಗೆ ಬರುತ್ತಿತ್ತು. ನಮ್ಮ ಮನೆಯಲ್ಲಿ ಕೂತರೆ ಹಿಟ್ಟಿನ ಗಿರಣಿ. ಅವರ ಮನೆಯಲ್ಲಿ ಕೂತರೆ ಆಡು. ಕಾಲೇಜಿನ ಲ್ಯಾಬಿನಲ್ಲಿ ಗೋಡೆಗಳೇ ಪ್ರತಿಯೊಂದು ಸ್ವರವನ್ನೂ ಎರಡೆರಡು ಸಲ ಹೇಳುತ್ತಿದ್ದವು. ಒಂದು ದಿನ ಎಲ್ಲ ಸರಿಯಾಗಿ ಬಂದು, ಕೊನೆಯ ಸಾಲಿನಲ್ಲಿ ಮಿಲ್ಲಿನ ಸೈರನ್ ಊದಿತು. ಹುಸೇನಿ ಗಿಟಾರು ಕೆಳಗಿಟ್ಟು, "ನನ್ನ ಬದಲು ಸೈರನ್ನನ್ನೇ ಕಳಿಸ್ರಿ, ಅದು ಪಾಸಾಗ್ತೈತೆ," ಅಂದ.

ಹತ್ತಿ ಗೋಡೌನಿನ ಯೋಚನೆ ಬಂದದ್ದು ಚಾಚಾಗೇ. ಬೇಡವೆನ್ನುತ್ತಿದ್ದವರಿಗೇ ಯಾಕೆ ಬಂತೋ! ಒಂದು ಸಂಜೆ ನಮ್ಮ ಗೋಳು ಕೇಳುತ್ತ ಕೂತವರು, "ಸದ್ದು ಬ್ಯಾಡ ಅಂದ್ರೆ ಹತ್ತಿಯೊಳಗೆ ಹೋಗ್ರಿ. ಸಾವ್ಕಾರ್ರ ಗೋಡೌನಿನಾಗೆ ನಾನು ಕೆಮ್ಮಿದ್ರೆ ನನಗೇ ಕೇಳ್ಸಲ್ಲ," ಅಂದರು. ಜಯಣ್ಣ ಎದ್ದು ನಿಂತುಬಿಟ್ಟ. ದೊಡ್ಡ ಊರಿನ ಸ್ಟುಡಿಯೋಗಳಲ್ಲಿ ಗೋಡೆಗೆ ಮೆತ್ತನೆಯದು ಬಡಿದಿರುತ್ತಾರೆ ಎಂದು ಅವನು ಎಲ್ಲೋ ಓದಿದ್ದ. ನಮಗೆ ಗೋಡೆಯೇ ಹತ್ತಿಯದು!

ಚಾಚಾ ಸಾವ್ಕಾರರ ಮನೆಗೆ ವರ್ಷಗಳಿಂದ ಗಾದಿ ಮಾಡಿಕೊಡುತ್ತಿದ್ದವರು. ಸಂತೆ ಇಲ್ಲದ, ಪೇಟೆ ಮುಚ್ಚಿದ ದಿನ ಮಧ್ಯಾಹ್ನ ಕೀಲಿ ಸಿಕ್ಕಿತು. ಸಾವ್ಕಾರರು ಒಂದೇ ಮಾತು ಹೇಳಿದ್ದರು: "ಬೀಡಿ, ಕಡ್ಡಿಪೆಟ್ಟಿಗೆ ಒಳಗೆ ಹೋಗಬಾರದು ನೋಡ್ರಿ." ಚಾಚಾ ಬಾಗಿಲಲ್ಲೇ ನಮ್ಮ ಜೇಬುಗಳನ್ನೆಲ್ಲ ತಡವಿದರು. ಜಯಣ್ಣನ ಬೀಡಿಕಟ್ಟು, ಕಡ್ಡಿಪೆಟ್ಟಿಗೆ ಹೊರಗಿನ ಕಟ್ಟೆಯ ಮೇಲೆ ಉಳಿದವು. ಬೆಂಕಿ ಅನ್ನುವುದು ಬೀಡಿಯ ತುದಿಯಲ್ಲಿ ಮಾತ್ರ ಇರುತ್ತದೆ ಎಂಬಂತೆ ನಾವು ಅಷ್ಟು ಎಚ್ಚರವಾಗಿದ್ದೆವು.

ಉದ್ದನೆಯ ಗೋಡೌನು, ತಗಡಿನ ಸೂರು, ಎತ್ತರದಲ್ಲಿ ಒಂದೆರಡು ಬೆಳಕಿಂಡಿ. ಒಳಗೆ ಅಮುಕಿ ಕಟ್ಟಿದ ಬೇಲುಗಳನ್ನು ಸೂರಿನ ತನಕ ಒಟ್ಟಿದ್ದರು, ಮುಂದೆ ಬೀಜ ತೆಗೆಯದ ಹತ್ತಿ ತುಂಬಿದ ದೊಡ್ಡ ಗೋಣಿಚೀಲಗಳು, ಅಂಡಿಗೆಗಳು. ಒಟ್ಟಿಲುಗಳ ನಡುವೆ ಒಂದು ಓಣಿ. ಓಣಿಯ ಕೊನೆಯಲ್ಲಿ ಬೇಲುಗಳ ನಡುವೆ ಕೋಣೆಯಷ್ಟು ಜಾಗ ಖಾಲಿ ಇತ್ತು. ಅಲ್ಲಿ ಹುಸೇನಿ ಕೂತ, ಮೈಕು ಅವನ ಮುಂದೆ. ಮಷಿನ್ನು, ಜಯಣ್ಣ, ನಾನು ಓಣಿಯ ಈಚೆ ಬಾಯಲ್ಲಿ. ಪಕ್ಕದ ಆಫೀಸಿನಿಂದ ಬೆಳಕಿಂಡಿಯ ಮೂಲಕ ಕರೆಂಟಿನ ವೈರು ಎಳೆದಿದ್ದೆವು. ಬಾಗಿಲ ಸಂದಿನಿಂದ ಸದ್ದು ಬರಬಾರದೆಂದು ಒಳಗಿನಿಂದ ಅಂಡಿಗೆಗಳನ್ನು ಒತ್ತಿದೆವು. ಚಾಚಾ ಹೊರಗಿನಿಂದ ಅಗುಳಿ ಹಾಕಿ, ಬಿಲ್ಲನ್ನು ಗೋಡೆಗೆ ಒರಗಿಸಿ ಕಟ್ಟೆಯ ಮೇಲೆ ಕೂತರು. ಗಾಡಿ ಎತ್ತಿನ ಗೆಜ್ಜೆ ಬಂದರೆ ಸುಮ್ಮನಿರಿಸುವುದು ಅವರ ಕೆಲಸ.

ಒಳಗೆ ಎಂಥ ಮೌನ! ನನ್ನ ಮಾತು ತುಟಿಯ ಹತ್ತಿರವೇ ಬಿದ್ದು ಹೋಗುತ್ತಿತ್ತು. ಹುಸೇನಿ ಒಂದು ಸ್ವರ ಮೀಟಿದ. ಹೆಡ್‌ಫೋನಿನಲ್ಲಿ ಅದು ಅವನ ಬೆರಳಿನ ಚರ್ಮದ ಸಮೇತ ಕೇಳಿಸಿತು. ಆದರೆ ಅದರ ಹಿಂದೆ ಇನ್ನೊಂದು ಸದ್ದು, ಗುಂಯ್ ಎಂದು. ಮಷಿನ್ನಿನದೇ ಮೋಟಾರು. ಊರಿನ ಸದ್ದೆಲ್ಲ ಹೋದ ಮೇಲೆ ಇದೊಂದು ಉಳಿದಿತ್ತು.

ಜಯಣ್ಣ ಸೊಂಟದ ಮೇಲೆ ಕೈಯಿಟ್ಟು ನೋಡಿದ. "ಊರನ್ನೇ ಹತ್ತಿಯಾಗೆ ಮುಚ್ಚೀವಿ, ಇದೊಂದನ್ನ ಮುಚ್ಚಾಕೆ ಆಗಲ್ಲೇನು?" ಅಂದ. ಒಂದು ಅಂಡಿಗೆಯ ಬಾಯಿ ಬಿಚ್ಚಿ, ಬೀಜದ ಹತ್ತಿಯನ್ನು ಬಾಚಿ ಬಾಚಿ ಮಷಿನ್ನಿನ ಸುತ್ತಲೂ ತುಂಬಿದ. ಹಕ್ಕಿ ಗೂಡಿನೊಳಗೆ ಮೊಟ್ಟೆ ಇಟ್ಟ ಹಾಗೆ ಕಾಣುತ್ತಿತ್ತು. ಮೇಲೆ ಸ್ಪೂಲುಗಳು ಮಾತ್ರ ತಿರುಗುತ್ತಿದ್ದವು. ಗುಂಯ್ ಸದ್ದು ಹೋಯಿತು. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಅಷ್ಟು ಜಾಣತನದ ಕೆಲಸವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಹುಸೇನಿ ಕಣ್ಣು ಮುಚ್ಚಿ ಶುರು ಮಾಡಿದ. ಅವತ್ತು ಅವನು ನುಡಿಸಿದ ಹಾಗೆ ಆಮೇಲೆ ಎಂದೂ ನುಡಿಸಲಿಲ್ಲ. ಇದನ್ನು ಹೇಳಲು ನನಗೊಬ್ಬನಿಗೇ ಅಧಿಕಾರ ಇದೆ, ಕೇಳಿದವನು ನಾನೊಬ್ಬನೇ. ಹೆಡ್‌ಫೋನ್ ಇದ್ದದ್ದು ನನ್ನ ಕಿವಿಗೆ. ತತ್ವಪದದ ಮಟ್ಟನ್ನು ನಿಧಾನಕ್ಕೆ ಬಿಚ್ಚುತ್ತ, ಕೆಳಗಿನ ತಾಮ್ರದ ತಂತಿಯಲ್ಲಿ ಏಕನಾದ ಹಿಡಿದಿದ್ದ. ಮೊದಲನೆಯದು ಮುಗಿಯಿತು. ಎರಡನೆಯದು ಮುಗಿಯಿತು. ಮೂರನೆಯದರ ನಡುವೆ ಹೆಡ್‌ಫೋನಿನಲ್ಲಿ ಚಿಟ್ ಎಂದಿತು.

ವಾಲ್ವು ಎಂದುಕೊಂಡೆ. ಮತ್ತೆ ಚಿಟ್. ಆಮೇಲೆ ಚಿಟಪಟ, ಚಿಟಪಟ. ಒಗ್ಗರಣೆಗೆ ಸಾಸಿವೆ ಬಿದ್ದ ಹಾಗೆ. ಜಯಣ್ಣನನ್ನು ನೋಡಿದೆ. ಅವನು ತುಟಿಗೆ ಬೆರಳಿಟ್ಟ. ರೆಕಾರ್ಡಿಂಗ್ ನಡೆಯುವಾಗ ಆಕಾಶ ಬಿದ್ದರೂ ಯಾರೂ ಮಾತಾಡಬಾರದೆಂದು ನಾವೇ ಮಾಡಿಕೊಂಡ ನಿಯಮ. ಮಟ್ಟು ಮೇಲಕ್ಕೆ ಏರುತ್ತಿತ್ತು. ಇನ್ನೊಂದು ಸಾಲು, ಅಷ್ಟೇ. ಇಲ್ಲಿ ನನ್ನ ನೆನಪು ಯಾವಾಗಲೂ ನಿಧಾನವಾಗುತ್ತದೆ. ಕಾದ ಹತ್ತಿಕಾಳು ಸಿಡಿಯುವುದು ಹೀಗೇ ಎಂದು ನನಗೆ ಹೊಳೆದ ಆ ಗಳಿಗೆ.

ಹೆಡ್‌ಫೋನ್ ಕಿತ್ತೆಸೆದು "ಬೆಂಕಿ!" ಅಂದೆ.

ಜಯಣ್ಣ ನನ್ನನ್ನು ಹೊಡೆಯಲು ಬಂದವನ ಹಾಗೆ ತಿರುಗಿದ. ಆಗ ಅವನಿಗೂ ವಾಸನೆ ಬಡಿಯಿತು. ಬಗ್ಗಿ, ಮಷಿನ್ನಿನ ಸುತ್ತ ತುಂಬಿದ್ದ ಹತ್ತಿಯನ್ನು ಎರಡೂ ಕೈಯಿಂದ ಬಾಚಿ ತೆಗೆದ. ಒಳಗೊಳಗೇ ಕಂದುತ್ತಿದ್ದದ್ದಕ್ಕೆ ಗಾಳಿ ಸಿಕ್ಕಿತು. ಭಗ್ಗೆಂದು ಎದ್ದು, ಬೇಲುಗಳ ಮೈಮೇಲಿನ ನವಿರಾದ ನೂಲು ಹಿಡಿದು ನೀಲಿ ನಾಲಿಗೆಯೊಂದು ಓಣಿಯ ಎರಡೂ ಬದಿಗೆ ಓಡಿತು. ಎಷ್ಟು ಬೇಗ ಓಡಿತೆಂದರೆ ಸದ್ದೇ ಇರಲಿಲ್ಲ. ಮರುಕ್ಷಣ ಹೊಗೆ. ಬೆಳಕಿಂಡಿಗಳು ಕಾಣದಾದವು.

ಜಯಣ್ಣನ ಕೈ ಸುಟ್ಟಿತ್ತು. ಅವನನ್ನು ಎಳೆದುಕೊಂಡು ಬಾಗಿಲಿಗೆ ಬಂದೆ. ಒತ್ತಿದ್ದ ಅಂಡಿಗೆಗಳನ್ನು ಎಳೆದು ಹಾಕಿ ಬಾಗಿಲು ಗುದ್ದಿದೆವು. ಚಾಚಾ ಅಗುಳಿ ತೆಗೆದರು. ಬಿಸಿಲು ಒಳಗೆ ಬಂದು ನಾಲ್ಕು ಮೊಳದಲ್ಲೇ ನಿಂತುಹೋಯಿತು.

"ಅವನೆಲ್ಲಿ?" ಅಂದರು ಚಾಚಾ.

ನಾನು ಹಿಂದಕ್ಕೆ ಕೈ ತೋರಿಸಿದೆ. ಬೆಂಕಿ ಓಣಿಯ ಬಾಯಲ್ಲಿತ್ತು. ಹುಸೇನಿ ಅದರ ಆಚೆ ಇದ್ದ.

"ಹುಸೇನೀ!" ಎಂದು ಕೂಗಿದೆ. ಅಷ್ಟು ಜೋರಾಗಿ ನಾನು ಯಾವತ್ತೂ ಕೂಗಿರಲಿಲ್ಲ. ಹತ್ತಿ ಅದನ್ನು ಅಲ್ಲೇ ನುಂಗಿತು. ಬೀದಿಯ ಜನ ಓಡಿ ಬಂದರು. ಕೆಲವರು ಬೆಳಕಿಂಡಿಗೆ ಹತ್ತಿ ಕೂಗಿದರು, ಕೆಲವರು ತಗಡು ಕೀಳಲು ಸೂರಿಗೆ ಹತ್ತಿ ಕೂಗಿದರು, ಹಿಂದಿನ ಗೋಡೆ ಬಡಿಯುತ್ತ ಇನ್ನಷ್ಟು ಜನ ಕೂಗಿದರು. ಎಲ್ಲರೂ ಅವನ ಹೆಸರನ್ನೇ. ನಾನೂ ಬಿಡದೆ ಕೂಗುತ್ತಿದ್ದೆ. ಒಳಗೆ ಅವನಿಗೆ ಆದದ್ದೇನೆಂದು ಹುಸೇನಿ ಆಮೇಲೆ ಹೇಳಿದ: ಬೇಲು ಮತ್ತು ಗೋಡೆಯ ನಡುವೆ ಒಬ್ಬ ಅಡ್ಡ ತಿರುಗಿ ನುಸುಳುವಷ್ಟು ಸಂದು ಕೈಗೆ ಸಿಕ್ಕಿತ್ತು. ಗಿಟಾರನ್ನು ಅಲ್ಲೇ ಇಟ್ಟು ಸಂದಿಗೆ ಇಳಿದ. ಆದರೆ ಎಡಕ್ಕೆ ಹೋಗುವುದೋ ಬಲಕ್ಕೋ ತಿಳಿಯಲಿಲ್ಲ. ಹೊಗೆಯಲ್ಲಿ ಬೀಳುತ್ತ ಏಳುತ್ತ ತಿರುಗಿದ್ದರಿಂದ ದಿಕ್ಕು ತಪ್ಪಿತ್ತು. "ಮ್ಯಾಲಿಂದ ನನ್ನ ಹೆಸರು, ಹಿಂದಿಂದ ನನ್ನ ಹೆಸರು, ಎಲ್ಲ ಕಡೆಯಿಂದ ನನ್ನ ಹೆಸರು. ಬಾಗಿಲು ಯಾವ ಕಡೆ ಐತೆ ಅಂತ ಒಬ್ರೂ ಹೇಳ್ತಿಲ್ಲ."

ಚಾಚಾ ಒಮ್ಮೆಲೇ ಜನರ ಕಡೆ ತಿರುಗಿದರು. ಆ ಸಣ್ಣ ಮನುಷ್ಯನ ಎದೆಯಲ್ಲಿ ಅಂಥ ದನಿ ಎಲ್ಲಿತ್ತೋ.

"ಖಾಮೋಷ್! ಬಾಯಿ ಮುಚ್ರಿ ಎಲ್ಲಾರೂ! ರುದ್ರಾ, ನೀನೂ ಮುಚ್ಚು!" ಎಂದು ನನ್ನನ್ನೂ ಗದರಿದರು.

ಗೋಡೆಗೆ ಒರಗಿಸಿದ್ದ ಬಿಲ್ಲನ್ನು ಎತ್ತಿಕೊಂಡು ಹೊಸ್ತಿಲಲ್ಲಿ ಮೊಣಕಾಲೂರಿ ಕೂತರು. ಕೊಡತಿ ಬೀಸಿದರು. ಟೊಂಯ್. ನಿಲ್ಲಿಸಿದರು. ಟೊಂಯ್. ಆತುರವಿಲ್ಲ, ಓಣಿಯಲ್ಲಿ ನಡೆಯುತ್ತ ಗಿರಾಕಿ ಕರೆಯುವ ಅದೇ ಲಯ. ಜನ ಬಾಯಿ ಮುಚ್ಚಿ ನಿಂತರು. ಹಿಂದಿನ ಗೋಡೆ ಬಡಿಯುವುದು ನಿಂತಿತು. ಹೊಗೆ ಅವರ ಮುಖಕ್ಕೇ ಬರುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಅವರು ಬಡಿಯುತ್ತಲೇ ಇದ್ದರು. ಸಣ್ಣವನಿದ್ದಾಗ ಹುಸೇನಿ ತಲೆಯ ಮೇಲೆ ಗಾದಿ ಬಟ್ಟೆಯ ಗಂಟು ಹೊತ್ತು ತಂದೆಯ ಹಿಂದೆ ಹೋಗುತ್ತಿದ್ದ. ಯಾವುದೋ ಓಣಿಯಲ್ಲಿ ಆಟ ನೋಡುತ್ತ ಹಿಂದೆ ಬಿದ್ದರೆ, ಆ ಸದ್ದು ಹಿಡಿದೇ ತಂದೆಯನ್ನು ಹುಡುಕಿಕೊಳ್ಳುತ್ತಿದ್ದ. ನಾನೂ ಎಷ್ಟೋ ಸಲ ಅವನ ಜೊತೆ ಹಾಗೆ ಓಡಿದ್ದೇನೆ.

ಅವರು ಎಷ್ಟು ಹೊತ್ತು ಬಡಿದರೋ. ಗೋಡೆಯ ಪಕ್ಕದ ಸಂದಿನಿಂದ ಮೊದಲು ಒಂದು ಕೈ ಬಂತು. ನಾನು ಮತ್ತು ಇನ್ಯಾರೋ ಅದನ್ನು ಹಿಡಿದು ಎಳೆದೆವು.

ಹುಬ್ಬು ಸುಟ್ಟು ಹೋಗಿತ್ತು, ಮುಖ ಮಸಿ. ಬೀದಿಯ ಧೂಳಲ್ಲಿ ಬಿದ್ದು ಕೆಮ್ಮಿ ಕೆಮ್ಮಿ, ಉಸಿರು ಸಿಕ್ಕ ಮೇಲೆ ಅವನು ಕೇಳಿದ ಮೊದಲ ಮಾತು: "ಟೇಪ್‌ನಾಗೆ ಬಂತೇನಲೇ?"

ಚಾಚಾ ಅವನ ಕಪಾಳಕ್ಕೆ ಹೊಡೆದರು. ಆಮೇಲೆ ಅಲ್ಲೇ ಕುಸಿದು ಕೂತು, ಅವನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡರು.

ಸಾವ್ಕಾರರು ಬರಿಗಾಲಲ್ಲಿ ಓಡಿ ಬಂದರು. "ಒಳಗೆ ಯಾರಿದ್ರು?" ಅಂದರು. "ನನ್ನ ಮಗ," ಅಂದರು ಚಾಚಾ. "ಬಂದನಾ?" "ಬಂದ." "ಹಂಗಾದ್ರೆ ಒಳಗೆ ಉಳಿದದ್ದು ಬರೀ ಹತ್ತಿ," ಎಂದು ಸಾವ್ಕಾರರು ಕಟ್ಟೆಯ ಮೇಲೆ ಕೂತರು. ಅವತ್ತು ಅಷ್ಟು ದೊಡ್ಡ ಮಾತು ಆಡಿದವರು ಆಮೇಲೆ ಒಂದು ವರ್ಷ ಚಾಚಾರ ಜೊತೆ ಮಾತಾಡಲಿಲ್ಲ. ಎರಡೂ ನಿಜ. ಮಿಲ್ಲಿನಿಂದ ನೀರಿನ ಪಂಪು ಬಂದು ಹಿಂದಿನ ಅರ್ಧ ಉಳಿಯಿತು. ಎಳೆದು ಹೊರಗೆ ಹಾಕಿದ ಬೇಲುಗಳು ದಿನಗಟ್ಟಲೆ ಅಂಗಳದಲ್ಲಿ ಒಳಗೊಳಗೇ ಉರಿದವು. ಆ ಬೇಸಿಗೆ ಮುಗಿಯುವವರೆಗೂ ನಮ್ಮ ಕಡೆ ಗಾಳಿ ಬಂದರೆ ಅದೇ ವಾಸನೆ.

ಅಲ್ಲಿಂದ ಈಚೆಗೆ ನನ್ನ ತಲೆಯಲ್ಲಿ ಆ ಮಧ್ಯಾಹ್ನ ಬೇರೆ ಬೇರೆ ಥರ ಮುಗಿಯುತ್ತದೆ. ಮೂರನೆಯ ಪದ ಮುಗಿಯಲಿ ಎಂದು ನಾನು ಕಾದಂತೆ. ಚಾಚಾ ಅವತ್ತು ಬಿಲ್ಲನ್ನು ಮನೆಯಲ್ಲೇ ಬಿಟ್ಟು ಬಂದಂತೆ. ಹುಸೇನಿ ಬಲಕ್ಕೆ ಬಾರದೆ ಎಡಕ್ಕೆ ತಿರುಗಿದಂತೆ. ನಿಜವಾಗಿ ನಡೆದದ್ದೊಂದು, ಅದರ ಸುತ್ತ ನಡೆಯದೇ ಹೋದದ್ದು ಹತ್ತಾರು. ಕಾಲೇಜಿನಲ್ಲಿ ಮೂವತ್ತು ವರ್ಷ ಶಬ್ದ, ಶಾಖ ಎರಡನ್ನೂ ಪಾಠ ಮಾಡಿದೆ. ಹತ್ತಿ ಎರಡನ್ನೂ ಹಿಡಿದಿಟ್ಟುಕೊಳ್ಳುತ್ತದೆ ಎಂದು ಬೋರ್ಡಿನ ಮೇಲೆ ಬರೆದಾಗಲೆಲ್ಲ ಹೋಗಿ ತರಗತಿಯ ಬಾಗಿಲು ತೆರೆದಿಟ್ಟು ಬರುತ್ತಿದ್ದೆ.

ಗಿಟಾರು ಸಿಕ್ಕಿತು. ಬೆಂಕಿ ಅದರವರೆಗೆ ಹೋಗಿರಲಿಲ್ಲ. ಕಾವಿಗೆ ನೈಲಾನ್ ತಂತಿಗಳು ಮುದುಡಿ ಗಂಟಾಗಿದ್ದವು, ಮರ ನೀರು ಕುಡಿದು ಉಬ್ಬಿತ್ತು. ಬಡಗಿ ಅದನ್ನು ಕಲ್ಲು ಹೇರಿ ಒಣಗಿಸಿದ. ಟೇಪು, ಮಷಿನ್ನು ಎರಡೂ ಬೂದಿ. ಮಳೆ ಹಿಡಿಯಿತು. ಚಾಚಾ ಕೊಟ್ಟ ಗಡುವು ಮುಗಿದಿತ್ತು. ಅವರು ಅಟ್ಟದ ಮಾತೆತ್ತಲಿಲ್ಲ. ಹುಸೇನಿಯೂ ಗಿಟಾರು ಮುಟ್ಟಲಿಲ್ಲ. ನನಗೆ ಅದು ಹೆಚ್ಚು ಹೆದರಿಕೆ ಹುಟ್ಟಿಸಿತು. ನಾನು ರೇಡಿಯೋ ಅಧಿಕಾರಿಗೆ ನಡೆದದ್ದನ್ನೆಲ್ಲ ಬರೆದೆ. ಅವರು ಉತ್ತರ ಕೊಟ್ಟರು: ಹಾಡುಗಾರರ ರೆಕಾರ್ಡಿಂಗಿಗೆಂದು ಹರಿಹರಕ್ಕೆ ಬರುತ್ತಿದ್ದೇವೆ, ಅವನಿಗೂ ಸ್ವಲ್ಪ ಹೊತ್ತು ಇಟ್ಟಿದ್ದೇವೆ, ಕರೆದುಕೊಂಡು ಬನ್ನಿ.

"ಹೋಗು," ಅಂದರು ಚಾಚಾ ಮಗನಿಗೆ. ಅಷ್ಟೇ.

ಹರಿಹರದಲ್ಲಿ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಹುಸೇನಿ ದಂಡೆಗೆ ಹೋಗಿ ಹೊಸ ಗಾಳದ ದಾರ ತಂದು, ಸ್ಟೇಷನ್ನಿನ ಬೆಂ‌ಚಿನ ಮೇಲೆ ಕೂತು ಬಿಗಿದ. ಹೊಳೆಯ ಮೊರೆತ ಊರೆಲ್ಲ ಕೇಳಿಸುತ್ತಿದ್ದರಿಂದ ರೇಡಿಯೋದವರು ಪ್ರವಾಸಿ ಬಂಗಲೆಯ ಒಳಗಿನ ಕೋಣೆ ಹಿಡಿದಿದ್ದರು. ಬಾಗಿಲು ತೆರೆದು ಒಳಗೆ ಕಾಲಿಟ್ಟ ಹುಸೇನಿ ಅಲ್ಲೇ ನಿಂತ. ನಾಲ್ಕೂ ಗೋಡೆಗೆ, ಕಿಟಕಿಗಳಿಗೆ, ನೆಲದಿಂದ ತಲೆಯೆತ್ತರಕ್ಕೆ ಗಾದಿಗಳನ್ನು ನಿಲ್ಲಿಸಿದ್ದರು. ಹತ್ತಿಯ ಗಾದಿಗಳು.

"ಬನ್ನಿ, ಕೂತ್ಕೊಳ್ಳಿ. ಭಜನೆಯವರು ಕಾಯ್ತಿದಾರೆ," ಅಂದರು ಅಧಿಕಾರಿ.

ಹುಸೇನಿ ನನ್ನ ರಟ್ಟೆ ಹಿಡಿದು ಹೊರಗೆ ತಂದ. ಬೆವರುತ್ತಿದ್ದ. "ಆಗಲ್ಲಲೇ ರುದ್ರಾ. ಬಾಗಿಲು ತೆಗೆದಿಟ್ರೆ ನುಡಿಸ್ತೀನಿ."

"ತೆಗೆದಿಟ್ರೆ ಹೊಳೆ ಒಳಗೆ ಬರ್ತೈತಲ್ಲೋ."

"ಬರ್ಲಿ. ಹೊಳಿ ಸುಡಲ್ಲ."

ನಾನು ಮನೆಗೆ ಹೋಗೋಣ ಅಂದಿದ್ದರೆ ಅವನು ಆ ಗಳಿಗೆಯಲ್ಲೇ ಹೊರಡುತ್ತಿದ್ದ, ಮತ್ತೆ ಗಿಟಾರು ಹಿಡಿಯುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹೋಗಬೇಕೆನಿಸಿತ್ತು. ಹುಸೇನಿ ಬಾಗಿಲನ್ನು ನೋಡಿದ, ನನ್ನನ್ನು ನೋಡಿದ.

"ನೀನು ಒಳಗೇ ಇರು. ಬಾಗಿಲ ಹತ್ರ ನಿಂತ್ಕೊ. ಹಿಡಿಕಿ ಮ್ಯಾಲೆ ಕೈ ಇಡು. ತೆಗೀಬ್ಯಾಡ. ಕೈ ಮಾತ್ರ ಇಡು," ಅಂದ.

ಬಾಗಿಲು ಮುಚ್ಚಿದರು. ನಾನು ಹಿತ್ತಾಳೆಯ ಹಿಡಿಕೆ ಹಿಡಿದು ನಿಂತೆ. ಅವನು ಕಣ್ಣು ತೆರೆದೇ ಇಟ್ಟು, ನನ್ನ ಕೈಯನ್ನೇ ನೋಡುತ್ತ ನುಡಿಸಿದ. ಏನು ನುಡಿಸಿದ ಎಂದು ಆಗ ಕೇಳಿದ್ದರೆ ನನಗೆ ಹೇಳಲು ಆಗುತ್ತಿರಲಿಲ್ಲ. ನನ್ನ ಕಿವಿ ಪೂರಾ ಚಿಟಪಟ ಸದ್ದಿಗೆ ಕಾಯುತ್ತಿತ್ತು. ಮುಗಿಯಿತು ಎಂದು ಅಧಿಕಾರಿ ಕೈ ಎತ್ತಿದ್ದು ಕಂಡ ಮೇಲೆಯೇ ಮುಗಿದದ್ದು ತಿಳಿಯಿತು.

ಅವರ ಎಂಜಿನಿಯರ್ ಟೇಪನ್ನು ಹಿಂದಕ್ಕೆ ತಿರುಗಿಸಿ ಕೇಳಿಸಿದ. ಆಗ ಕೇಳಿದೆ, ನಿಧಾನದ, ಮೆದುವಾದ, ಗಟ್ಟಿ ಕೈಯ ನುಡಿಸಾಣಿಕೆ. ನಡುನಡುವೆ ಸಣ್ಣಗೆ ಗಿಲಿಗಿಲಿ ಅನ್ನುವ ಸದ್ದು.

"ಏನ್ರಿ ಇದು? ಬಾಗಿಲ ಹಿಡಿಕೆ! ಯಾರು ಅಲ್ಲಾಡಿಸಿದ್ದು? ಇನ್ನೊಂದು ಸಲ ತಗೊಳ್ಳೋಣ," ಅಂದ ಎಂಜಿನಿಯರ್.

"ಇನ್ನೊಂದು ಸಲ ಆಗಲ್ರಿ ಸರ್," ಎಂದ ಹುಸೇನಿ, ಆಗಲೇ ಗಿಟಾರಿಗೆ ಬಟ್ಟೆ ಸುತ್ತುತ್ತ. "ಅದಿಲ್ದಿದ್ರೆ ಇದೂ ಇಲ್ಲ. ಬೇಕಾದ್ರೆ ಇಟ್ಕೊಳ್ರಿ, ಬ್ಯಾಡಾದ್ರೆ ಬಿಡ್ರಿ."

ಅಧಿಕಾರಿ ನನ್ನ ಕೈ ನೋಡಿದರು. ಅದು ಇನ್ನೂ ಹಿಡಿಕೆಯ ಮೇಲೆಯೇ ಇತ್ತು, ಇನ್ನೂ ನಡುಗುತ್ತಿತ್ತು. "ಇರ್ಲಿ ಬಿಡಿ," ಅಂದರು.

ಒಂದು ಸಂಜೆ ಅದು ರೇಡಿಯೋದಲ್ಲಿ ಬಂತು. ಜಯಣ್ಣನ ಅಂಗಡಿಯ ಮುಂದೆ ಆನೆಕೊಂಡದ ಅರ್ಧ ಜನ ಸೇರಿದ್ದರು. ಜಯಣ್ಣ ಕಲೆ ಬಿದ್ದ ಅಂಗೈಯಿಂದ ದನಿ ಏರಿಸಿದ. ಚಾಚಾ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತು ಕೊನೆಯ ತನಕ ಕೇಳಿದರು. ಜನ ಹುಸೇನಿಯ ಬೆನ್ನು ತಟ್ಟುತ್ತಿದ್ದಾಗ ಅವರು ನನ್ನನ್ನು ಹತ್ತಿರ ಕರೆದರು.

"ನಡುವೆ ಅದು ಗಿಲಿಗಿಲಿ ಅಂದದ್ದು ಯಾರಪ್ಪ?"

"ನಾನು ಚಾಚಾ. ಬಾಗಿಲ ಹಿಡಿಕಿ."

ಅವರು ಸ್ಟೂಲಿನಿಂದ ಎದ್ದರು.

"ತಾಳ ತಪ್ಪಿದ್ದಿ," ಎಂದು ಆ ಕೈಯನ್ನು ಹಿಡಿದುಕೊಂಡವರು, ಮನೆ ಮುಟ್ಟುವವರೆಗೂ ಬಿಡಲಿಲ್ಲ.